ಸಿ ಹೆಡ್ಡರ್‌ಗಳಲ್ಲಿ ಯಾವುದನ್ನ ನಂಬ್ಬಹುದು, ಯಾವುದನ್ನ ನಂಬಿದ್ರೆ ಮಂಡೆ ಬೆಚ್ಚ

ಕಾಸರಗೋಡು ಕಡೆ ಸಿ ಕಲಿಯುವ ಮಕ್ಕಳ ಅವಸ್ಥೆ ಒಂಥರಾ ತಮಾಷೆ ಉಂಟು. ಹೈಸ್ಕೂಲಲ್ಲಿ ಕೈಟ್‌ನವರು (ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ) ಕೊಟ್ಟ ಲಿನಕ್ಸ್ ಲ್ಯಾಪ್‌ಟಾಪ್, ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ಪೂರಾ ಫ್ರೀ ಸಾಫ್ಟ್‌ವೇರಲ್ಲೇ ನಡೆಯುವ ಕಾರಣ ಕನ್ನಡ ಮೀಡಿಯಂನವರಿಗೂ ಅದೇ. ಆಮೇಲೆ ತಲಪಾಡಿ ದಾಟಿ ಮಂಗಳೂರಿಗೆ ಡಿಗ್ರಿಗೆ ಹೋದ್ರೆ ಕೆಲವು ಲ್ಯಾಬಲ್ಲಿ ಇನ್ನೂ ಆ ನೀಲಿ ಸ್ಕ್ರೀನಿನ ಟರ್ಬೊ ಸಿ, ಇನ್ನು ಕೆಲವು ಕಡೆ ಕೋಡ್‌ಬ್ಲಾಕ್ಸ್, ಮತ್ತೆ ಕೆಲವು ಕಡೆ ವಿಶುವಲ್ ಸ್ಟುಡಿಯೊ. ಮನೇಲಿ ಕಂಪ್ಯೂಟರ್ ಇಲ್ಲದವನು ಮೊಬೈಲಲ್ಲಿ ಟರ್ಮಕ್ಸ್ (ಆಂಡ್ರಾಯ್ಡಲ್ಲಿ ಲಿನಕ್ಸ್ ಥರದ ಟರ್ಮಿನಲ್ ಕೊಡುವ ಆ್ಯಪ್) ಹಾಕಿ ಕ್ಲ್ಯಾಂಗ್ ಅನ್ನುವ ಕಂಪೈಲರಲ್ಲಿ ಕಂಪೈಲ್ ಮಾಡ್ತಾನೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಮೋಟರಿಗೆ ಒಂದು ಟೈಮರ್ ಮಾಡುವ ಅಂತ ಹೊರಟವನ ಕೈಲಿ ಆರ್ಡುಯಿನೊ ಊನೊ, ಇಲ್ಲಾಂದ್ರೆ ಇಎಸ್‌ಪಿ32, ಎರಡೂ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡುಗಳು. ಅದೇ ಒಂದು ಸಿ ಫೈಲು ಪೆನ್‌ಡ್ರೈವಲ್ಲಿ ಇಷ್ಟೂ ಕಡೆ ತಿರುಗಾಡ್ತದೆ, ಒಂದು ಕಡೆ ಓಡಿದ್ದು ಇನ್ನೊಂದು ಕಡೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಹೇಳಿ ಕೂತ್ಕೊಳ್ತದೆ, ಕೇಳಿದ ಹೆಡ್ಡರ್ (ರೆಡಿ ಫಂಕ್ಷನ್, ಟೈಪುಗಳ ವಿವರ ಇರುವ .ಎಚ್ ಫೈಲು, ಪ್ರೋಗ್ರಾಮಿನ ಮೇಲ್ಗಡೆ ಇನ್‌ಕ್ಲೂಡ್ ಮಾಡುವುದು) ಅಲ್ಲಿ ಇಲ್ಲ ಅಂತ ಅದರ ಅರ್ಥ, ಆದ್ರೆ ಎಲ್ಲರೂ ಬೈಯುವುದು ಕಂಪೈಲರನ್ನ.

ಹಾಗಾಗಿ ಇದು, ಕೋಡ್ ಬರೆಯುವ ಮೊದಲೇ "ನಾನು ಯಾವ ಹೆಡ್ಡರ್ ಇರ್ತದೆ ಅಂತ ಧೈರ್ಯವಾಗಿ ಅಂದ್ಕೊಳ್ಬಹುದು" ಅಂತ ತೀರ್ಮಾನ ಮಾಡ್ಲಿಕ್ಕೆ. ಆಯ್ಕೆ ನಾಲ್ಕೈದು ಉಂಟು, ಎಲ್ಲದಕ್ಕೂ ಒಂದೊಂದು ಬೆಲೆ ಉಂಟು. ಹೆಸರುಗಳನ್ನ ಲ್ಯಾಬಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ, ಎಸ್‌ಟಿಡಿಐಒ.ಎಚ್ ಅಂದ್ರೆ ಯಾವುದು ಅಂತ ಇದನ್ನ ಓದುವವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ನಾನು ಈ ವಿಷಯವನ್ನ ನೋಡುವುದು ಒಂದೇ ಪ್ರಶ್ನೆ ಹಿಡ್ಕೊಂಡು: ಈ ಹೆಡ್ಡರ್ ಕೊಡ್ತೇನೆ ಅಂತ ಮಾತು ಕೊಟ್ಟದ್ದು ಯಾರು? ಸಿ ಭಾಷೆಯ ಐಎಸ್ಒ ಸ್ಟ್ಯಾಂಡರ್ಡ್ ಕೊಟ್ಟ ಮಾತಾ, ಯುನಿಕ್ಸ್ ಕಡೆಯ ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್ಮುಗಳಿಗೆ ಇರುವ ಸ್ಟ್ಯಾಂಡರ್ಡ್) ಕೊಟ್ಟ ಮಾತಾ, ಅಥವಾ ಕಂಪೈಲರ್ ಮಾಡಿದವನು ತನ್ನ ಖುಷಿಗೆ ಸೇರಿಸಿದ್ದಾ? ಮೂರೂ ಒಂದೇ ಇನ್‌ಕ್ಲೂಡ್ ಸಾಲಲ್ಲಿ ಒಂದೇ ಥರ ಕಾಣ್ತದೆ, ಅದೇ ದೊಡ್ಡ ತಾಪತ್ರಯ.

ಬರೇ ಸಿ89 ಸಾಕು ಅನ್ನುವ ದಾರಿ

1989ರ ಆನ್ಸಿ ಸ್ಟ್ಯಾಂಡರ್ಡಲ್ಲಿ (ಸಿ89 ಅಂದ್ರೆ ಅದೇ) ಇದ್ದದ್ದು 15 ಹೆಡ್ಡರ್. ಎಸ್‌ಟಿಡಿಐಒ, ಎಸ್‌ಟಿಡಿಲಿಬ್, ಸ್ಟ್ರಿಂಗ್, ಮ್ಯಾಥ್, ಸಿಟೈಪ್, ಟೈಮ್, ಲಿಮಿಟ್ಸ್, ಫ್ಲೋಟ್, ಎಸ್‌ಟಿಡಿಆರ್ಗ್, ಎಸ್‌ಟಿಡಿಡೆಫ್, ಎರರ್‌ನೋ, ಅಸರ್ಟ್, ಸಿಗ್ನಲ್, ಸೆಟ್‌ಜಂಪ್, ಲೊಕೇಲ್. ಇವಿಷ್ಟರಲ್ಲೇ ಬರೆದ್ರೆ ಟರ್ಬೊ ಸಿ ಇಂದ ಹಿಡಿದು ಲಿನಕ್ಸಲ್ಲಿರುವ ಇವತ್ತಿನ ಜಿಸಿಸಿ ಕಂಪೈಲರ್ ತನಕ ಎಲ್ಲ ಕಡೆ ಹೆಡ್ಡರಿನ ಮಟ್ಟಿಗೆ ತೊಂದರೆ ಇಲ್ಲ. ಡೆಸ್ಕ್‌ಟಾಪ್, ಸರ್ವರ್, ಮೊಬೈಲ್ ಯಾವುದರಲ್ಲೂ ಇವು ಇಲ್ಲ ಅಂತ ಆಗುವುದೇ ಇಲ್ಲ. ಹಳೇ ಪ್ರಾಜೆಕ್ಟುಗಳ ಕಾನ್ಫಿಗರ್ ಸ್ಕ್ರಿಪ್ಟ್ (ಮಿಷನ್ನಲ್ಲಿ ಎಂತೆಲ್ಲ ಉಂಟು ಅಂತ ಮೊದಲೇ ನೋಡುವುದು) ಓಡಿಸಿದ್ರೆ "ಚೆಕಿಂಗ್ ಫಾರ್ ಎಸ್‌ಟಿಡಿಲಿಬ್.ಎಚ್... ಎಸ್" ಅಂತ ಸಾಲುಸಾಲು ಬರ್ತದಲ್ಲ, ಅದು 80ರ ದಶಕದ ಭಯ, ಈಗ ಅದಕ್ಕೆ ಅರ್ಥ ಇಲ್ಲ. ಆ ಸ್ಕ್ರಿಪ್ಟ್ ಮಾಡಿಕೊಡುವ ಆಟೊಕಾನ್ಫಿನ ಕೈಪಿಡಿಯೇ ಈ ಸ್ಟ್ಯಾಂಡರ್ಡ್ ಹೆಡ್ಡರ್ ಉಂಟಾ ಅಂತ ನೋಡುವ ಮ್ಯಾಕ್ರೊ ಹಳತಾಯ್ತು, ಈಗಿನ ಸಿಸ್ಟಮ್ಮುಗಳಲ್ಲೆಲ್ಲ ಇವು ಇದ್ದೇ ಇರ್ತದೆ ಅಂತ ಬರೆದಿದೆ. ಹಾಗಾಗಿ ಹೊಸ ಕೋಡಲ್ಲಿ ಯಾರಾದ್ರೂ ಸ್ಟ್ರಿಂಗ್.ಎಚ್ ಉಂಟಾ ಇಲ್ವಾ ಅಂತ ಇಫ್‌ಡೆಫ್ (ಒಂದು ಮ್ಯಾಕ್ರೊ ಡಿಫೈನ್ ಆಗಿದ್ರೆ ಮಾತ್ರ ಕಂಪೈಲ್ ಮಾಡು ಅನ್ನುವ ಷರತ್ತು) ಹಾಕಿದ್ರೆ ಕಣ್ಣು ಮುಚ್ಚಿ ತೆಗೀರಿ.

ಒಂದು ಕಡೆ ಮಾತ್ರ ಹುಷಾರ್. ಆಪರೇಟಿಂಗ್ ಸಿಸ್ಟಮ್ಮೇ ಇಲ್ಲದ ಮೈಕ್ರೊಕಂಟ್ರೋಲರ್‌ನಲ್ಲಿ ಸ್ಟ್ಯಾಂಡರ್ಡ್ ಕೊಡುವ ಮಾತು ತುಂಬಾ ಸಣ್ಣದು. ಫ್ರೀಸ್ಟ್ಯಾಂಡಿಂಗ್ ಅಂತ ಅದಕ್ಕೆ ಹೇಳುವುದು, ಮೊದಲ ಸ್ಟ್ಯಾಂಡರ್ಡಲ್ಲಿ ಅಲ್ಲಿಗೆ ಗ್ಯಾರಂಟಿ ಇದ್ದದ್ದು ನಾಲ್ಕೇ ನಾಲ್ಕು: ಫ್ಲೋಟ್, ಲಿಮಿಟ್ಸ್, ಎಸ್‌ಟಿಡಿಆರ್ಗ್, ಎಸ್‌ಟಿಡಿಡೆಫ್. ಪ್ರಿಂಟ್‌ಎಫ್ ಸಹ ಇರ್ಬೇಕು ಅಂತ ಇಲ್ಲ. ಊನೊದಲ್ಲಿರುವ ಎವಿಆರ್ ಲಿಬ್‌ಸಿ ಅನ್ನುವ ಲೈಬ್ರರಿ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡ್ತದೆ, ಆದ್ರೆ ಅದರಲ್ಲಿ ಸಿಗ್ನಲ್.ಎಚ್ ಮತ್ತೆ ಲೊಕೇಲ್.ಎಚ್ ಇಲ್ಲ. ಎಲ್ಲಿ ಸಿಗ್ನಲ್ ಕಳಿಸುವವನೇ ಇಲ್ವೋ ಅಲ್ಲಿ ಆ ಹೆಡ್ಡರ್ ಎಂತಕ್ಕೆ.

ಸಿ89ರ ದೊಡ್ಡ ಕೊರತೆ ಎಂತ ಅಂದ್ರೆ ಇಂಟ್ ಎಷ್ಟು ಬಿಟ್ ಅಂತ ಹೇಳ್ಲಿಕ್ಕೆ ಒಂದು ನೇರ ದಾರಿ ಇಲ್ಲ. ಟರ್ಬೊ ಸಿಯಲ್ಲಿ 16 ಬಿಟ್, ಲಿನಕ್ಸ್ ವಿಂಡೋಸ್ ಎರಡರಲ್ಲೂ 32, ಊನೊದಲ್ಲಿ ತಿರುಗಿ 16. ಲಾಂಗ್ ಹಾಕಿದ್ರೆ ಸರಿ ಆಗ್ತದೆ ಅಂತ ಹೇಳುವವರಿದ್ದಾರೆ, ಆದ್ರೆ 64 ಬಿಟ್ ಲಿನಕ್ಸಲ್ಲಿ ಲಾಂಗ್ 64 ಬಿಟ್, 64 ಬಿಟ್ ವಿಂಡೋಸಲ್ಲಿ ಅದು 32ರಲ್ಲೇ ನಿಂತಿದೆ. ಲಾಂಗ್ ಅನ್ನ ಹಾಗೇ ಫೈಲಿಗೆ ಬರೆದು ಇನ್ನೊಂದು ಮಿಷನ್ನಲ್ಲಿ ಓದಿದ್ರೆ ಎಂತ ಆಗ್ತದೆ ಅಂತ ನೀವೇ ಯೋಚಿಸಿ.

ಸಿ99, ನನ್ನ ಕೇಳಿದ್ರೆ ಇದೇ

1995ರಲ್ಲಿ ಮೂರು ಹೆಡ್ಡರ್ ಸೇರಿ 18 ಆಯ್ತು, 1999ರಲ್ಲಿ ಇನ್ನಾರು ಸೇರಿ 24. ಆ ಆರರಲ್ಲಿ ದಿನಾ ಬೇಕಾಗುವುದು ಮೂರು: ಎಸ್‌ಟಿಡಿಇಂಟ್ (ಇಷ್ಟೇ ಬಿಟ್ ಅಂತ ಹೇಳುವ ಇಂಟ್ ಟೈಪುಗಳು), ಎಸ್‌ಟಿಡಿಬೂಲ್, ಇಂಟ್‌ಟೈಪ್ಸ್. ಎಸ್‌ಟಿಡಿಇಂಟ್ ಮತ್ತೆ ಎಸ್‌ಟಿಡಿಬೂಲ್ ಎರಡನ್ನೂ ಫ್ರೀಸ್ಟ್ಯಾಂಡಿಂಗ್ ಪಟ್ಟಿಗೇ ಸೇರಿಸಿದ್ದಾರೆ, ಅಂದ್ರೆ ಸಿ99 ಅಂತ ಹೇಳ್ಕೊಳ್ಳುವ ಯಾವ ಕಂಪೈಲರೂ ಓಎಸ್ ಇಲ್ಲದ ಚಿಪ್ಪಲ್ಲೂ ಇವನ್ನ ಕೊಡ್ಲೇಬೇಕು. ಊನೊದಲ್ಲಿ ಉಂಟು, ಇಎಸ್‌ಪಿ32ದಲ್ಲಿ ಉಂಟು, ಟರ್ಮಕ್ಸಲ್ಲಿ ಉಂಟು.

"ಎಸ್‌ಟಿಡಿಇಂಟ್ ಪೋರ್ಟಬಲ್ ಅಲ್ಲ, ವಿಂಡೋಸಲ್ಲಿ ಸಿಗೂದಿಲ್ಲ" ಅಂತ ಹಳೇ ನೋಟ್ಸುಗಳಲ್ಲಿ ಈಗಲೂ ಕಾಣ್ತದೆ. ಒಂದು ಕಾಲಕ್ಕೆ ಅದು ನಿಜವೇ, ಮೈಕ್ರೊಸಾಫ್ಟ್‌ನವರು ಸಿ99 ಕಡೆ ತಲೆ ಹಾಕಿಯೂ ಮಲಗದ ಕಾಲ ಇತ್ತು. ವಿಶುವಲ್ ಸ್ಟುಡಿಯೊ 2010ರಲ್ಲಿ ಎಸ್‌ಟಿಡಿಇಂಟ್ ಬಂತು, 2013ರಲ್ಲಿ ಎಸ್‌ಟಿಡಿಬೂಲ್ ಮತ್ತೆ ಇಂಟ್‌ಟೈಪ್ಸ್ ಬಂತು, 2015ರಲ್ಲಿ ಸ್ಟ್ಯಾಂಡರ್ಡ್ ಹೇಳಿದ ಹಾಗೆ ನಡೆಯುವ ಎಸ್‌ಎನ್‌ಪ್ರಿಂಟ್‌ಎಫ್ ಬಂತು. ಅಂದ್ರೆ ಆ ನೋಟ್ಸಿನ ಮಾತು ವಾಯಿದೆ ಮುಗಿದು ವರ್ಷ ಎಷ್ಟೋ ಆಯ್ತು. ಟರ್ಬೊ ಸಿ ಒಂದನ್ನ ಬಿಟ್ರೆ ನಮ್ಮ ಕಡೆಯ ಮಕ್ಕಳ ಕೈಗೆ ಸಿಗುವ ಯಾವ ಕಂಪೈಲರೂ ಸಿ99ರ ಈ ಮೂರು ಹೆಡ್ಡರ್ ಇಲ್ಲದ್ದಲ್ಲ.

ಆದ್ರೆ ಎಸ್‌ಟಿಡಿಇಂಟ್ ಹಾಕಿದ ಕೂಡ್ಲೇ ಎಲ್ಲ ಸರಿ ಆಯ್ತು ಅಂತ ನಂಬುವುದು ಉಂಟಲ್ಲ, ಅದರ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ತೋಟದ ಟೈಮರ್ ಮಾಡುವವರು ಬೀಳುವುದು ಇಲ್ಲಿಯೇ.

ಮೋಟರ್ ಒಂದು ನಿಮಿಷ ನಿಲ್ಬೇಕು, ಡಿಲೇಗೆ ಮಿಲಿಸೆಕೆಂಡ್ ಕೊಡ್ಬೇಕು, ಹಾಗೆ 60 * 1000 ಅಂತ ಬರೀತಾರೆ. ಇಎಸ್‌ಪಿ32ದಲ್ಲಿ ಇಂಟ್ 32 ಬಿಟ್, ಉತ್ತರ 60000, ಸರಿಯಾಗಿ ಒಂದು ನಿಮಿಷ. ಅದೇ ಸಾಲನ್ನ ಊನೊಗೆ ಹಾಕಿದ್ರೆ ಅಲ್ಲಿ ಇಂಟ್ ಹಿಡಿಯುವುದು 32767 ತನಕ ಮಾತ್ರ, ಲೆಕ್ಕ ಉಕ್ಕಿ ಹರಿದು ಸಾಮಾನ್ಯವಾಗಿ ಸಿಗುವುದು -5536. ಡಿಲೇ ತಗೊಳ್ಳುವುದು ಅನ್‌ಸೈನ್ಡ್ ಲಾಂಗ್, ಮೈನಸ್ ಸಂಖ್ಯೆ ಅಲ್ಲಿಗೆ ಹೋಗಿ 4294961760 ಆಗ್ತದೆ, ಅಷ್ಟು ಮಿಲಿಸೆಕೆಂಡ್ ಅಂದ್ರೆ 49 ದಿನ ಚಿಲ್ಲರೆ. ಒಂದು ನಿಮಿಷ ನಿಲ್ಲಬೇಕಾದ ಮೋಟರ್ ಒಂದೂವರೆ ತಿಂಗಳ ಮೇಲೆ ನಿಂತ್ರೆ ಏಪ್ರಿಲ್ ಬಿಸಿಲಲ್ಲಿ ಅಡಿಕೆ ಮರದ ಗತಿ ಎಂತ? (ಆರ್ಡುಯಿನೊ ಸ್ಕೆಚ್ ಅಸಲಿಗೆ ಸಿ++, ಹೌದು, ಆದ್ರೆ ಈ ಲೆಕ್ಕ ಎರಡಕ್ಕೂ ಒಂದೇ.)

ಈಗ ಎಸ್‌ಟಿಡಿಇಂಟ್ ತಂದು, ವೇರಿಯೇಬಲನ್ನ ಯುಇಂಟ್32_ಟಿ ಮಾಡಿ, ಅದಕ್ಕೆ 60 * 1000 ಹಾಕಿದ್ರೆ? ಅದೇ ತಪ್ಪು ಹಾಗೇ ಇರ್ತದೆ! ಗುಣಾಕಾರ ನಡೆಯುವಾಗ ಎಡಗಡೆ ಯಾವ ಟೈಪ್ ಉಂಟು ಅಂತ ಸಿ ನೋಡುವುದಿಲ್ಲ, 60 ಇಂಟು, 1000 ಇಂಟು, ಹಾಗಾಗಿ ಲೆಕ್ಕವೂ ಇಂಟಲ್ಲೇ, ಹಾಳಾದ ಮೇಲೆ 32 ಬಿಟ್ಟಿಗೆ ಹೋಗಿ ಕೂರ್ತದೆ. 60ರ ಕೊನೆಗೆ ಯುಎಲ್ ಹಚ್ಚಿ, ಅಥವಾ ಎಸ್‌ಟಿಡಿಇಂಟಲ್ಲೇ ಇರುವ ಯುಇಂಟ್32_ಸಿ ಮ್ಯಾಕ್ರೊ ಒಳಗೆ 60 ಹಾಕಿ. ಕಂಪೈಲರ್ ಎಚ್ಚರಿಕೆ ಕೊಡೂದಿಲ್ವಾ ಅಂದ್ರೆ ಕೊಡ್ತದೆ, ಆದ್ರೆ ಆರ್ಡುಯಿನೊ ಐಡಿಇಯ ಪ್ರಿಫರೆನ್ಸಲ್ಲಿ ಕಂಪೈಲರ್ ವಾರ್ನಿಂಗ್ ಶುರುವಿಗೇ "ನನ್" ಅಂತ ಇರ್ತದೆ, ಎಲ್ಲ ಎಚ್ಚರಿಕೆಯನ್ನ ಬಾಯಿ ಮುಚ್ಚಿಸಿರ್ತಾರೆ. ಮೊದಲು ಹೋಗಿ ಅದನ್ನ "ಆಲ್" ಮಾಡಿ, ಆಮೇಲೆ ಮುಂದಿನದ್ದು ಓದಿ.

ಇನ್ನೊಂದು ಸಣ್ಣ ವಿಷಯ, ಯುಇಂಟ್8_ಟಿ ಯಂಥ ಕರೆಕ್ಟ್ ಅಳತೆಯ ಟೈಪುಗಳು ಸ್ಟ್ಯಾಂಡರ್ಡಲ್ಲಿ ಕಡ್ಡಾಯ ಅಲ್ಲ, ಹಾರ್ಡ್‌ವೇರಲ್ಲಿ ಅಂಥದ್ದು ಇದ್ರೆ ಮಾತ್ರ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ2000 ಚಿಪ್ಪುಗಳಲ್ಲಿ ಕ್ಯಾರೆಕ್ಟರೇ 16 ಬಿಟ್, ಅಲ್ಲಿ 8 ಬಿಟ್ ಟೈಪ್ ಎಲ್ಲಿಂದ ತರುವುದು. ಮೋಟರ್ ಡ್ರೈವ್ ಕೆಲಸ ಮಾಡುವವರಿಗೆ ಬಿಟ್ರೆ ಉಳಿದವರಿಗೆ ಇದು ಗೊತ್ತಿದ್ರೆ ಸಾಕು.

ಸಿ11, ಸಿ23: ಅರ್ಧ ಮಾತು

2011ರ ಸ್ಟ್ಯಾಂಡರ್ಡಲ್ಲಿ ಐದು ಹೆಡ್ಡರ್ ಸೇರಿ 29, ಸಿ23ರಲ್ಲಿ ಎಸ್‌ಟಿಡಿಬಿಟ್ ಮತ್ತೆ ಎಸ್‌ಟಿಡಿಸಿಕೆಡಿಇಂಟ್ ಸೇರಿ 31. ಆದ್ರೆ ಸಿ11ರಲ್ಲಿ ಒಂದು ಹೊಸ ಚಾಳಿ ಶುರುವಾಯ್ತು: ಹೆಡ್ಡರ್ ಸ್ಟ್ಯಾಂಡರ್ಡಲ್ಲಿ ಉಂಟು, ಆದ್ರೆ ಕೊಡದಿದ್ರೂ ತಪ್ಪಿಲ್ಲ. ಥ್ರೆಡ್ಸ್.ಎಚ್ ಕೊಡದವನು "ಎಸ್‌ಟಿಡಿಸಿ ನೋ ಥ್ರೆಡ್ಸ್" ಅನ್ನುವ ಮ್ಯಾಕ್ರೊ ಒಂದನ್ನ ಡಿಫೈನ್ ಮಾಡಿದ್ರೆ ಮುಗೀತು. ಅಟಾಮಿಕ್ಸಿಗೂ ಹಾಗೇ, ಸಿ99ರಲ್ಲಿ ಕಡ್ಡಾಯ ಇದ್ದ ಕಾಂಪ್ಲೆಕ್ಸ್.ಎಚ್ ಸಹ ಆಗ ಐಚ್ಛಿಕ ಆಯ್ತು.

ಇದರ ಪರಿಣಾಮ ಎಂತ ಅಂದ್ರೆ 2011ರಲ್ಲಿ ಬಂದ ಥ್ರೆಡ್ಸ್.ಎಚ್ ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಗೆ ಬಂದದ್ದು 2018ರಲ್ಲಿ, 2.28ನೇ ವರ್ಷನ್ನಲ್ಲಿ. ಆಂಡ್ರಾಯ್ಡಿಗೆ ಎಪಿಐ 30ರಲ್ಲಿ, ಅಂದ್ರೆ ಆಂಡ್ರಾಯ್ಡ್ 11ರಲ್ಲಿ. ಮೈಕ್ರೊಸಾಫ್ಟಿಗೆ ಬಂದದ್ದು "ವಿಶುವಲ್ ಸ್ಟುಡಿಯೊ 2022" ಅನ್ನುವ ವರ್ಷನ್ನಿನ 17.8 ಅಪ್‌ಡೇಟಿನಲ್ಲಿ. ಊನೊದಲ್ಲಿ ಕೇಳುವುದೇ ಬೇಡ. ಹಾಗಾಗಿ ಥ್ರೆಡ್ ಬೇಕಾದವರು ಲಿನಕ್ಸ್, ಮೊಬೈಲ್ ಕಡೆ ಇವತ್ತಿಗೂ ಪಿಥ್ರೆಡ್.ಎಚ್ ಹಿಡಿಯುವುದೇ ವಾಸಿ, ಅದು ಪಾಸಿಕ್ಸ್ ಕೊಟ್ಟ ಮಾತು, ಗಟ್ಟಿ ಮಾತು. ಸ್ಟ್ಯಾಂಡರ್ಡಲ್ಲಿ ಇರುವುದಕ್ಕಿಂತ ಸ್ಟ್ಯಾಂಡರ್ಡಿನ ಹೊರಗೆ ಇರುವುದೇ ಹೆಚ್ಚು ಕಡೆ ಸಿಗ್ತದೆ, ಎಂತ ಮಾಡ್ಲಿಕ್ಕುಂಟು.

ಸಿ23ದ ವಿಷಯದಲ್ಲಿ ಒಂದು ಗಮನಿಸಿ. ಬೂಲ್, ಟ್ರೂ, ಫಾಲ್ಸ್ ಈಗ ಭಾಷೆಯದೇ ಶಬ್ದ ಆಗಿವೆ, ಎಸ್‌ಟಿಡಿಬೂಲ್ ಹಾಕಿದ್ರೂ ನಡೀತದೆ, ಹಾಕದಿದ್ರೂ ನಡೀತದೆ. ಜಿಸಿಸಿ 15 (2025ರದ್ದು) ಯಾವ ಸ್ಟ್ಯಾಂಡರ್ಡ್ ಅಂತ ನೀವು ಹೇಳದಿದ್ರೆ ಸಿ23 ಅಂತಲೇ ತಿಳ್ಕೊಳ್ತದೆ. ಹಳೇ ಪುಸ್ತಕ ನೋಡಿ "ಟೈಪ್‌ಡೆಫ್ ಇಂಟ್ ಬೂಲ್" ಅಂತ ಸ್ವಂತ ಬೂಲ್ ಮಾಡ್ಕೊಂಡವರ ಪ್ರೋಗ್ರಾಂ ಅಲ್ಲಿ ಎರರ್ ಕೊಡ್ತದೆ. ಸಿ99ರಲ್ಲೇ ಎಸ್‌ಟಿಡಿಬೂಲ್ ಹಾಕಿ ಬರೆದಿದ್ರೆ ಈ ಗಲಾಟೆಯೇ ಇರ್ತಿರ್ಲಿಲ್ಲ.

ಪಾಸಿಕ್ಸ್, ಅಂದ್ರೆ ಯುನಿಎಸ್‌ಟಿಡಿ.ಎಚ್ ಪಂಗಡ

ಶಾಲೆಯ ಲಿನಕ್ಸಲ್ಲಿ ಕಲಿತು ಬಂದವರಿಗೆ ಯುನಿಎಸ್‌ಟಿಡಿ.ಎಚ್ ಸ್ಟ್ಯಾಂಡರ್ಡ್ ಅಂತಲೇ ತಲೇಲಿ ಕೂತಿರ್ತದೆ, ಹೆಸರಲ್ಲೇ ಎಸ್‌ಟಿಡಿ ಉಂಟಲ್ಲ. ಸಿ ಸ್ಟ್ಯಾಂಡರ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಲಿನಕ್ಸ್, ಮ್ಯಾಕ್, ಬಿಎಸ್‌ಡಿ, ಟರ್ಮಕ್ಸ್ ಇಷ್ಟೇ ಸಾಕು ಅನ್ನುವವರಿಗೆ ಧಾರಾಳ ಆಯ್ತು, ನಂಬಿ ಬರೀರಿ. ವಿಶುವಲ್ ಸ್ಟುಡಿಯೊದಲ್ಲಿ ಆ ಫೈಲೇ ಇಲ್ಲ. ಇಲ್ಲಿ ಕೋಡ್‌ಬ್ಲಾಕ್ಸ್‌ನವರಿಗೆ ಒಂದು ಮೋಸ ಆಗ್ತದೆ, ಅದರ ಜೊತೆ ಬರುವ ಮಿನ್‌ಜಿಡಬ್ಲ್ಯುನಲ್ಲಿ (ವಿಂಡೋಸಿಗೆ ತಂದ ಜಿಸಿಸಿ) ಯುನಿಎಸ್‌ಟಿಡಿ ಉಂಟು, ಹಾಗಾಗಿ "ವಿಂಡೋಸಲ್ಲೂ ಓಡಿತು" ಅಂತ ಖುಷಿ ಪಡ್ತಾರೆ, ಪಕ್ಕದ ಮಿಷನ್ನಿನ ವಿಶುವಲ್ ಸ್ಟುಡಿಯೊದಲ್ಲಿ ತೆಗೆದ್ರೆ ಮೊದಲ ಸಾಲಲ್ಲೇ ನಿಲ್ತದೆ.

ಸ್ಲೀಪ್ ಒಂದನ್ನ ತಗೊಳ್ಳಿ. ಯುನಿಎಸ್‌ಟಿಡಿಯ ಸಣ್ಣ ಎಸ್ಸಿನ ಸ್ಲೀಪಿಗೆ 5 ಕೊಟ್ರೆ ಐದು ಸೆಕೆಂಡ್. ವಿಂಡೋಸ್.ಎಚ್‌ನ ದೊಡ್ಡ ಎಸ್ಸಿನ ಸ್ಲೀಪಿಗೆ 5 ಕೊಟ್ರೆ ಐದು ಮಿಲಿಸೆಕೆಂಡ್. ಯುಸ್ಲೀಪ್ ಅಂತೂ 2008ರ ಪಾಸಿಕ್ಸಿನಿಂದಲೇ ತೆಗೆದಿದ್ದಾರೆ, ಬದಲಿಗೆ ನ್ಯಾನೊಸ್ಲೀಪ್ ಹಾಕಿ ಅಂತ. ಈ ನ್ಯಾನೊಸ್ಲೀಪ್ ಇರುವುದು ಟೈಮ್.ಎಚ್‌ನಲ್ಲಿ! ಹೆಡ್ಡರ್ ಸಿ89ರದ್ದು, ಒಳಗಿನ ಫಂಕ್ಷನ್ ಪಾಸಿಕ್ಸಿನದ್ದು. ಇದು ಮುಂದೆ ಹೇಳುವ ವಿಷಯ, ಅಸಲಿ ತಲೆನೋವು ಅದೇ.

ಕಂಪೈಲರಿನವನ ಸ್ವಂತ ಸಾಮಾನು

ಕೋನಿಯೊ.ಎಚ್. ಬೋರ್ಲ್ಯಾಂಡಿನ ಟರ್ಬೊ ಸಿ ಬಂದದ್ದು 1987ರಲ್ಲಿ, ಅದರ ಕ್ಲಿಯರ್‌ಸ್ಕ್ರೀನ್ ಮತ್ತೆ ಗೆಟ್‌ಸಿಎಚ್ ಹಾಕದೆ ಲ್ಯಾಬ್ ರೆಕಾರ್ಡೇ ಬರೀಲಿಕ್ಕೆ ಆಗೂದಿಲ್ಲ ಅನ್ನುವ ಪರಿಸ್ಥಿತಿ ಕೆಲವು ಕಡೆ ಈಗಲೂ ಉಂಟು. ಲಿನಕ್ಸಲ್ಲಿ ಇದು ಇಲ್ಲ. ಮೈಕ್ರೊಸಾಫ್ಟಲ್ಲಿ ಕೋನಿಯೊ ಉಂಟು ಆದ್ರೆ ಕ್ಲಿಯರ್‌ಸ್ಕ್ರೀನ್ ಇಲ್ಲ. ಡಾಸ್ ಕಾಲದಲ್ಲಿ ಪ್ರೋಗ್ರಾಂ ಮುಗಿದ ಕೂಡ್ಲೇ ಔಟ್‌ಪುಟ್ ಮಾಯ ಆಗ್ತಿತ್ತು, ಅದನ್ನ ತಡೀಲಿಕ್ಕೆ ಕೊನೇಲಿ ಗೆಟ್‌ಸಿಎಚ್ ಹಾಕ್ತಿದ್ರು, ಲಿನಕ್ಸಿನ ಟರ್ಮಿನಲ್ಲಲ್ಲಿ ಆ ಕಾರಣವೇ ಇಲ್ಲ, ಆದ್ರೂ ಕೈ ತಾನಾಗಿ ಬರೀತದೆ.

ಮ್ಯಾಲಾಕ್.ಎಚ್ ಇನ್ನೊಂದು. ಮ್ಯಾಲಾಕ್ ಫಂಕ್ಷನ್ ಇರ್ಬೇಕಾದ ಜಾಗ ಎಸ್‌ಟಿಡಿಲಿಬ್.ಎಚ್, 1989ರಿಂದಲೂ. ಲಿನಕ್ಸಲ್ಲಿ ಮ್ಯಾಲಾಕ್.ಎಚ್ ಸಿಗ್ತದೆ, ವಿಂಡೋಸಲ್ಲೂ ಸಿಗ್ತದೆ, ಫ್ರೀಬಿಎಸ್‌ಡಿಯಲ್ಲಿ ಹಾಕಿದ್ರೆ "ಎಸ್‌ಟಿಡಿಲಿಬ್ ಬಳಸಿ" ಅಂತ ಬೇಕೂಂತಲೇ ಎರರ್ ಕೊಡ್ತಾರೆ. ನನಗೆ ಆ ಎರರ್ ತುಂಬಾ ಇಷ್ಟ.

ಇದರ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಬೇಡ ಅಂದ್ರೆ ಬೇಡ.

ಹೆಡ್ಡರ್ ಉಂಟು, ಒಳಗೆ ಕೈ ಹಾಕಿದ್ರೆ ಇಲ್ಲ

ಬಸ್ಸಿನ ಬೋರ್ಡಲ್ಲಿ ಬದಿಯಡ್ಕ ಅಂತ ಇದ್ದ ಮಾತ್ರಕ್ಕೆ ಅದು ನಿಮ್ಮ ಸ್ಟಾಪಲ್ಲಿ ನಿಲ್ತದೆ ಅಂತ ಅಲ್ಲ. ಹೆಡ್ಡರಿನ ಹೆಸರು ಬರೇ ಬೋರ್ಡು. ಸ್ಟ್ಯಾಂಡರ್ಡ್ ಹೆಡ್ಡರ್ ಒಳಗೆ ಸ್ಟ್ಯಾಂಡರ್ಡ್ ಅಲ್ಲದ ಫಂಕ್ಷನ್ನುಗಳು ಎಷ್ಟೋ ಸೇರ್ಕೊಂಡಿವೆ, ಯಾವ ಆಯ್ಕೆ ಮಾಡಿದವರಿಗೂ ಇದರ ಕಾಟ ತಪ್ಪಿದ್ದಲ್ಲ.

ಐಟಿಒಎ ಅಂತ ಒಂದು, ನಂಬರನ್ನ ಸ್ಟ್ರಿಂಗ್ ಮಾಡುವುದು. ಟರ್ಬೊ ಸಿ, ವಿಶುವಲ್ ಸ್ಟುಡಿಯೊ, ಆರ್ಡುಯಿನೊ ಮೂರರಲ್ಲೂ ಎಸ್‌ಟಿಡಿಲಿಬ್ ಒಳಗೆ ಉಂಟು. ಮೂರು ಕಡೆ ಓಡಿದ ಮೇಲೆ ಇದು ಸ್ಟ್ಯಾಂಡರ್ಡ್ ಅಂತ ಯಾರಿಗಾದ್ರೂ ಅನ್ನಿಸ್ತದೆ, ಲಿನಕ್ಸಿನ ಜಿಲಿಬ್‌ಸಿಯಲ್ಲಿ ಇಲ್ಲವೇ ಇಲ್ಲ. ಎಸ್‌ಎನ್‌ಪ್ರಿಂಟ್‌ಎಫ್ ಹಾಕಿ, ಟರ್ಬೊ ಸಿ ಒಂದನ್ನ ಬಿಟ್ರೆ ಎಲ್ಲ ಕಡೆ ಉಂಟು.

ಎಸ್‌ಟಿಆರ್‌ಡಪ್ (ಸ್ಟ್ರಿಂಗಿನ ಇನ್ನೊಂದು ಪ್ರತಿ ಮಾಡುವುದು) ಇನ್ನೂ ಅಪಾಯ. ಸ್ಟ್ರಿಂಗ್.ಎಚ್‌ನಲ್ಲೇ ಇರುವುದು, ಆದ್ರೆ ಸಿ23 ಬರುವ ತನಕ ಅದು ಪಾಸಿಕ್ಸಿನದ್ದು. ಜಿಸಿಸಿಗೆ ಕಟ್ಟುನಿಟ್ಟಾಗಿ ಸಿ99 ಅಂತ ಹೇಳಿ ಕಂಪೈಲ್ ಮಾಡಿದ್ರೆ ಹೆಡ್ಡರ್ ಅದನ್ನ ಅಡಗಿಸಿ ಇಡ್ತದೆ. ಹಳೇ ಜಿಸಿಸಿ ಆಗ ಬರೇ ಒಂದು ಎಚ್ಚರಿಕೆ ಕೊಟ್ಟು, ಈ ಫಂಕ್ಷನ್ ಇಂಟ್ ವಾಪಸ್ ಕೊಡ್ತದೆ ಅಂತ ತಾನೇ ಊಹಿಸಿ ಮುಂದೆ ಹೋಗ್ತಿತ್ತು, 64 ಬಿಟ್ ಮಿಷನ್ನಲ್ಲಿ 64 ಬಿಟ್ ಪಾಯಿಂಟರ್ 32ಕ್ಕೆ ಕತ್ತರಿಸಿ ಹೋಗ್ತಿತ್ತು, ಪ್ರೋಗ್ರಾಂ ಸೆಗ್‌ಫಾಲ್ಟ್. ಅದೂ ಎಲ್ಲ ಸಲ ಅಲ್ಲ, ಪಾಯಿಂಟರ್ ಸಣ್ಣ ಅಡ್ರೆಸ್ಸಲ್ಲಿ ಬಿದ್ದ ದಿನ ಎಲ್ಲ ಸರಿ. ಕ್ಲ್ಯಾಂಗ್ 16 ಮತ್ತೆ ಜಿಸಿಸಿ 14ರಿಂದ ಇದು ಎರರೇ ಆಗಿದೆ, ದೊಡ್ಡ ಉಪಕಾರ. ಪಾಸಿಕ್ಸಿನದ್ದು ಬೇಕು ಅಂತಿದ್ರೆ ಎಲ್ಲ ಇನ್‌ಕ್ಲೂಡಿಗಿಂತ ಮೇಲೆ ಪಾಸಿಕ್ಸ್ ಸಿ ಸೋರ್ಸ್ ಅನ್ನುವ ಮ್ಯಾಕ್ರೊವನ್ನ 200809ಎಲ್ ಅಂತ ಡಿಫೈನ್ ಮಾಡಿ, ಕೆಳಗೆ ಹಾಕಿದ್ರೆ ಉಪಯೋಗ ಇಲ್ಲ.

ಮ್ಯಾಥ್.ಎಚ್‌ನ ಎಂ_ಪೈ ಸಹ ಹಾಗೇ, ಸಿ ಸ್ಟ್ಯಾಂಡರ್ಡಲ್ಲಿ ಪೈ ಇಲ್ಲ. ವಿಶುವಲ್ ಸ್ಟುಡಿಯೊದಲ್ಲಿ ಅದಕ್ಕೆ ಬೇರೆ ಒಂದು ಮ್ಯಾಕ್ರೊ ಡಿಫೈನ್ ಮಾಡ್ಬೇಕು. 3.14159265358979 ಅಂತ ನೀವೇ ಒಂದು ಕಾನ್‌ಸ್ಟಂಟ್ ಬರ್ಕೊಂಡ್ರೆ ಗಂಟೇನು ಹೋಗೂದಿಲ್ಲ.

ವಿಶುವಲ್ ಸ್ಟುಡಿಯೊದವರದ್ದು ಇದರ ಉಲ್ಟಾ ಕಥೆ. ಸ್ಕ್ಯಾನ್‌ಎಫ್ ಬರೆದ್ರೆ "ಅನ್‌ಸೇಫ್, ಸ್ಕ್ಯಾನ್‌ಎಫ್_ಎಸ್ ಹಾಕಿ" ಅಂತ ಗದರಿಸ್ತದೆ. ಹೇಳಿದ ಮಾತು ಕೇಳಿ ಬದಲಾಯಿಸಿದ ಹುಡುಗಿಯ ಪ್ರೋಗ್ರಾಂ ಲಿನಕ್ಸಲ್ಲಿ ಲಿಂಕೇ ಆಗೂದಿಲ್ಲ. ಆ _ಎಸ್ ಫಂಕ್ಷನ್ನುಗಳು ಸಿ11ರ ಐಚ್ಛಿಕ ಅನುಬಂಧದಲ್ಲಿ ಉಂಟು, ಜಿಲಿಬ್‌ಸಿ ಅದನ್ನ ಮಾಡ್ಲೇ ಇಲ್ಲ. ಎರಡು ಕಡೆ ಓಡ್ಬೇಕಾದ್ರೆ ಎಫ್‌ಗೆಟ್ಸಲ್ಲಿ ಸಾಲು ಓದಿ ಎಸ್‌ಟಿಆರ್‌ಟಿಒಎಲ್ ಅಥವಾ ಎಸ್‌ಸ್ಕ್ಯಾನ್‌ಎಫ್ ಮಾಡಿ.

ಮತ್ತೆ ಕೆಲವು ಸಲ ಹೆಡ್ಡರ್ ಹೊಸತು, ಲೈಬ್ರರಿ ಹಳತು. ಸೈಜ್_ಟಿ ಪ್ರಿಂಟ್ ಮಾಡ್ಲಿಕ್ಕೆ ಸಿ99 ಕೊಟ್ಟದ್ದು ಪರ್ಸೆಂಟ್ ಝಡ್ ಯು, ವಿಂಡೋಸಿನ ಹಳೇ ರನ್‌ಟೈಮ್ ಲೈಬ್ರರಿ ಹಿಡ್ಕೊಂಡ ಮಿನ್‌ಜಿಡಬ್ಲ್ಯುನಲ್ಲಿ ನಂಬರಿನ ಜಾಗದಲ್ಲಿ ಆ ಎರಡು ಅಕ್ಷರವೇ ಪ್ರಿಂಟ್ ಆಗಿ ಬರ್ತದೆ. ಊನೊದಲ್ಲಿ ಎಸ್‌ಪ್ರಿಂಟ್‌ಎಫಿಗೆ ಪರ್ಸೆಂಟ್ ಎಫ್ ಕೊಟ್ರೆ ಪ್ರಶ್ನಾರ್ಥಕ ಚಿಹ್ನೆ ಬರ್ತದೆ, ಜಾಗ ಉಳಿಸ್ಲಿಕ್ಕೆ ಫ್ಲೋಟಿನ ಭಾಗವನ್ನೇ ಲಿಂಕ್ ಮಾಡಿರುವುದಿಲ್ಲ. ಅಲ್ಲಿಯ ಮ್ಯಾಥ್.ಎಚ್‌ನಲ್ಲಿ ಡಬಲ್ ಅಂತ ಬರೆದ್ರೂ ಸಿಗುವುದು 4 ಬೈಟಿನ ಫ್ಲೋಟೇ. ನಮ್ಮ ಊರಿನ ರೇಖಾಂಶ ಸುಮಾರು 75 ಡಿಗ್ರಿ, ಅಷ್ಟು ದೊಡ್ಡ ಸಂಖ್ಯೆ ಆ ಫ್ಲೋಟಲ್ಲಿ ಇಟ್ರೆ ಒಂದು ಹೆಜ್ಜೆ ಅಂದ್ರೆ ನೆಲದ ಮೇಲೆ 80 ಸೆಂಟಿಮೀಟರ್ ಚಿಲ್ಲರೆ. ಅಡಿಕೆ ಸಸಿಯ ಅಂತರ 2.7 ಮೀಟರ್, ಮರ ಎಣಿಸಿ ಮ್ಯಾಪ್ ಮಾಡುವ ಅಂತ ಹೊರಟವರು ಇದನ್ನ ನೆನಪಿಡಿ. ಜಿಪಿಎಸ್ಸಿನ ತಪ್ಪೇ ಅದಕ್ಕಿಂತ ಜಾಸ್ತಿ ಅಲ್ವಾ ಅಂತ ಕೇಳ್ಬಹುದು, ಹೌದು, ಆದ್ರೆ ತುಂಬಾ ರೀಡಿಂಗ್ ತೆಗೆದು ಸರಾಸರಿ ಮಾಡಿದ್ರೆ ಜಿಪಿಎಸ್ ತಪ್ಪು ಇಳೀತದೆ, ಇದು ಇಳಿಯೂದಿಲ್ಲ. ಡಿಗ್ರಿಯನ್ನ ಒಂದು ಕೋಟಿಯಿಂದ ಗುಣಿಸಿ ಇಂಟ್32_ಟಿ ಯಲ್ಲಿ ಇಡುವುದು ಜಾಣತನ.

ಇನ್ನೊಂದು ನಮ್ಮ ಕಡೆಯವರಿಗೇ ಹೆಚ್ಚು ತಾಗುವುದು. ಕನ್ನಡ, ಮಲಯಾಳ ಎರಡರಲ್ಲೂ ಹೆಸರು ಇರುವ ಡೇಟಾ ಇಲ್ಲಿ ಸಾಮಾನ್ಯ. ಯುಟಿಎಫ್-8ರಲ್ಲಿ ಎರಡೂ ಲಿಪಿಯ ಒಂದೊಂದು ಸಂಕೇತಕ್ಕೆ 3 ಬೈಟ್, "ಕಾಸರಗೋಡು" ಅಂತ ಬರೆದು ಎಸ್‌ಟಿಆರ್‌ಲೆನ್ ಕೇಳಿದ್ರೆ 24 ಹೇಳ್ತದೆ. ಆ ಬೈಟುಗಳೆಲ್ಲ 127ರ ಮೇಲೆ. ಇಂಟೆಲ್ ಪಿಸಿಯಲ್ಲಿ ಕ್ಯಾರ್ ಸೈನ್ಡ್, ಹಾಗಾಗಿ ಅವು ಮೈನಸ್ ಆಗ್ತವೆ, ಸಿಟೈಪ್.ಎಚ್‌ನ ಇಸ್‌ಆಲ್ಫಾಗೆ ಮೈನಸ್ ಕೊಡುವುದು ನಿಯಮಕ್ಕೆ ವಿರುದ್ಧ, ಎಂತ ಬೇಕಾದ್ರೂ ಆಗ್ಬಹುದು. ಅನ್‌ಸೈನ್ಡ್ ಕ್ಯಾರಿಗೆ ಕ್ಯಾಸ್ಟ್ ಮಾಡಿ ಕೊಡಿ. ರಾಸ್ಪ್‌ಬೆರಿ ಪೈಯಲ್ಲಿ ಕ್ಯಾರ್ ಅನ್‌ಸೈನ್ಡ್, ಅಲ್ಲಿ ಗೆಟ್‌ಕ್ಯಾರಿನ ಉತ್ತರವನ್ನ ಕ್ಯಾರಲ್ಲಿ ಇಟ್ಟು ಇಒಎಫ್ (ಇನ್‌ಪುಟ್ ಮುಗಿಯಿತು ಅನ್ನುವ ಗುರುತು) ಬಂತಾ ಅಂತ ನೋಡಿದ್ರೆ ಯಾವತ್ತೂ ಬರೂದಿಲ್ಲ, ಲೂಪ್ ಸುತ್ತುತ್ತಲೇ ಇರ್ತದೆ. ಇಂಟಲ್ಲಿ ಇಡಿ. ವೈಡ್ ಕ್ಯಾರೆಕ್ಟರ್ ಮೊರೆ ಹೋಗುವ ಅಂದ್ರೆ ಡಬ್ಲ್ಯುಕ್ಯಾರ್_ಟಿ ವಿಂಡೋಸಲ್ಲಿ 16 ಬಿಟ್, ಲಿನಕ್ಸಲ್ಲಿ 32, ಅದರಲ್ಲಿ ಫೈಲಿಗೆ ಬರೆಯುವ ಯೋಚನೆಯನ್ನೇ ಬಿಡಿ, ಯುಟಿಎಫ್-8 ಬೈಟುಗಳನ್ನೇ ಇಟ್ಕೊಳ್ಳಿ.

ಇಲ್ಲದಿದ್ರೆ ಕಂಡುಹಿಡಿಯುವುದು ಹೇಗೆ

ಎರಡು ಮೂರು ದಾರಿ. ವಿಂಡೋಸಾ ಅಲ್ವಾ ಅಂತ _ವಿನ್32 ಮ್ಯಾಕ್ರೊ ನೋಡುವುದು ಎಲ್ಲಕ್ಕಿಂತ ಸುಲಭ, ಸಣ್ಣ ಪ್ರೋಗ್ರಾಮಿಗೆ ಅದೇ ಸಾಕು. ಹ್ಯಾಸ್‌ಇನ್‌ಕ್ಲೂಡ್ ಅನ್ನುವುದು ಜಿಸಿಸಿ 5ರಿಂದ ಉಂಟು, ಕ್ಲ್ಯಾಂಗಲ್ಲಿ ಮೊದಲೇ ಇತ್ತು, ಸಿ23ರಲ್ಲಿ ಸ್ಟ್ಯಾಂಡರ್ಡೇ ಆಯ್ತು, ಫೈಲ್ ಉಂಟಾ ಅಂತ ಕಂಪೈಲ್ ಆಗುವಾಗಲೇ ಕೇಳ್ಬಹುದು. ಆದ್ರೆ ಅದು ಹೇಳುವುದು ಬೋರ್ಡ್ ಉಂಟು ಅಂತ ಮಾತ್ರ, ಮೇಲೆ ಹೇಳಿದ ಐಟಿಒಎ, ಝಡ್ ಯು ಕಥೆಗೆಲ್ಲ ಅದರಲ್ಲಿ ಉತ್ತರ ಇಲ್ಲ. ಫಂಕ್ಷನ್ ಉಂಟಾ, ಲಿಂಕ್ ಆಗ್ತದಾ ಅಂತ ನಿಜವಾಗಿ ನೋಡ್ಬೇಕಾದ್ರೆ ಸಿಮೇಕ್ ಅಥವಾ ಆಟೊಕಾನ್ಫ್ ಬೇಕು, ಅವು ಸಣ್ಣ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿಯೇ ನೋಡ್ತವೆ. ಮಿನಿ ಪ್ರಾಜೆಕ್ಟಿಗೆ ಇದು ಭಾರ ಜಾಸ್ತಿ ಆಯ್ತು. ಜಿಎನ್‌ಯುದವರ ಜಿಎನ್‌ಯುಲಿಬ್ ಅಂತ ಒಂದು ಉಂಟು, ಇಲ್ಲದ ಹೆಡ್ಡರಿಗೆ ಬದಲಿ ಹೆಡ್ಡರ್ ಕೊಡ್ತದೆ, ಯುನಿಕ್ಸ್ ಥರದ ದೊಡ್ಡ ಪ್ರಾಜೆಕ್ಟಿಗೆ ಒಳ್ಳೇದು, ನಮ್ಮ ಹಾಗಿನವರಿಗೆ ಅಗತ್ಯ ಇಲ್ಲ.

ನಾನು ಹೇಳುವುದು ಇದಕ್ಕಿಂತ ಸಾದಾ. ಪ್ಲಾಟ್‌ಫಾರ್ಮ್.ಎಚ್ ಅಂತ ನಿಮ್ಮದೇ ಒಂದು ಫೈಲ್ ಮಾಡಿ, ಮಲಗು, ಸ್ಕ್ರೀನ್ ಅಳಿಸು, ಟೈಮ್ ಹೇಳು, ಇಂಥ ನಾಲ್ಕೈದು ಫಂಕ್ಷನ್ ಅದರಲ್ಲಿ. ಪ್ರತಿ ಜಾಗಕ್ಕೂ ಒಂದೊಂದು ಸಿ ಫೈಲ್. ಇಫ್‌ಡೆಫ್ ಎಲ್ಲ ಅಲ್ಲೇ ಇರ್ಲಿ, ಉಳಿದ ಕೋಡಿಗೆ ಹಬ್ಬುವುದು ಬೇಡ.

ಹಾಗಾದ್ರೆ ಯಾರಿಗೆ ಯಾವುದು

ತೋಟದ ಕಂಟ್ರೋಲರ್, ಲಿಟಲ್ ಕೈಟ್ಸ್ (ಕೈಟ್‌ನವರ ಶಾಲಾ ಐಟಿ ಕ್ಲಬ್) ಮಕ್ಕಳ ಆರ್ಡುಯಿನೊ ಕಿಟ್ಟು, ಇಂಥದಕ್ಕೆ ಸಿ99ರ ಫ್ರೀಸ್ಟ್ಯಾಂಡಿಂಗ್ ಹೆಡ್ಡರುಗಳು ಮತ್ತೆ ಸ್ಟ್ರಿಂಗ್.ಎಚ್, ಇಂಟ್ ಅಂತ ಬರೆಯುವುದನ್ನ ಮರೆತೇ ಬಿಡಿ. ಡಿಗ್ರಿಯ ಪ್ರಾಜೆಕ್ಟ್ ಲಿನಕ್ಸಲ್ಲೇ ಶುರು ಲಿನಕ್ಸಲ್ಲೇ ಮುಗಿತದೆ ಅಂತಿದ್ರೆ ಸಿ99ಕ್ಕೆ ಪಾಸಿಕ್ಸ್ ಸೇರಿಸಿ ಆರಾಮಾಗಿರಿ, ವಿಂಡೋಸಿಗೆ ಹೋಗದ ಕೋಡಿಗೆ ವಿಂಡೋಸಿನ ಚಿಂತೆ ಎಂತಕ್ಕೆ. ಲಿನಕ್ಸ್ ವಿಂಡೋಸ್ ಎರಡೂ ಬೇಕಾದವರು ಬರೇ ಸಿ99 ಮತ್ತೆ ಆ ಪ್ಲಾಟ್‌ಫಾರ್ಮ್.ಎಚ್. ಥ್ರೆಡ್ಸ್.ಎಚ್, ಕಾಂಪ್ಲೆಕ್ಸ್.ಎಚ್ ಬೇಕು ಅಂತ ಹಠ ಇರುವವರು ಮೊದಲು ಆ "ನೋ" ಮ್ಯಾಕ್ರೊ ನೋಡಿ, ಆಮೇಲೆ ಇನ್‌ಕ್ಲೂಡ್ ಮಾಡಿ. ಯಾವ ಗುಂಪಿನವರಾದ್ರೂ ಜಿಸಿಸಿಗೆ ಸಿ99, ಪೆಡಾಂಟಿಕ್, ವಾಲ್ (ಕೊನೆಯ ಎರಡು ಎಚ್ಚರಿಕೆ ಕೊಡಿಸುವ ಆಪ್ಷನ್ನುಗಳು) ಮೂರೂ ಹೇಳಿ ಕಂಪೈಲ್ ಮಾಡಿ, ಮತ್ತೆ ಒಮ್ಮೆ ಮೊಬೈಲಿನ ಟರ್ಮಕ್ಸಲ್ಲಿ ಕ್ಲ್ಯಾಂಗಿನಿಂದಲೂ ಮಾಡಿ, ಬೇರೆ ಕಂಪೈಲರ್, ಬೇರೆ ಲೈಬ್ರರಿ, ಬೇರೆ ಪ್ರೊಸೆಸರ್ ಮೂರೂ ಖರ್ಚಿಲ್ಲದೆ ಚೆಕ್ ಆಯ್ತು.

ಉಳಿದದ್ದು ಲ್ಯಾಬಲ್ಲಿ ಟರ್ಬೊ ಸಿ ಬಿಟ್ಟು ಬೇರೆ ಇಲ್ಲದವರು. ಅವರು ಸಿ89ರ 15ರಲ್ಲೇ ಬರೀಬೇಕು, ಬೇರೆ ದಾರಿ ಇಲ್ಲ, ಎಸ್‌ಟಿಡಿಇಂಟ್ ಅಲ್ಲಿ ಸಿಗೂದಿಲ್ಲ, ದೊಡ್ಡ ಸಂಖ್ಯೆ ಬರುವಲ್ಲಿ ಲಾಂಗ್ ಹಾಕಿ (ಕನಿಷ್ಠ 32 ಬಿಟ್ ಇರ್ತದೆ ಅಂತ ಸ್ಟ್ಯಾಂಡರ್ಡಿನ ಮಾತುಂಟು), ವೇರಿಯೇಬಲ್‌ಗಳನ್ನ ಬ್ಲಾಕಿನ ಮೇಲ್ಗಡೆಯೇ ಡಿಕ್ಲೇರ್ ಮಾಡಿ. ಕೋನಿಯೊ ಹಾಕ್ಲೇಬೇಕು ಅಂತ ಸರ್ ಹೇಳಿದ್ರೆ ಅದರ ಇನ್‌ಕ್ಲೂಡ್, ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಮೂರನ್ನೂ ಟರ್ಬೊಸಿ ಮ್ಯಾಕ್ರೊ ಡಿಫೈನ್ ಆಗಿದ್ರೆ ಮಾತ್ರ ಅನ್ನುವ ಇಫ್‌ಡೆಫ್ ಒಳಗೆ ಇಡಿ, ಆ ಮ್ಯಾಕ್ರೊವನ್ನ ಟರ್ಬೊ ಸಿ ತಾನೇ ಡಿಫೈನ್ ಮಾಡಿರ್ತದೆ. ರೆಕಾರ್ಡಿಗೂ ಆಯ್ತು, ಮನೆಗೆ ಬಂದು ಲಿನಕ್ಸಲ್ಲಿ ಓಡಿಸ್ಲಿಕ್ಕೂ ಆಯ್ತು. ಮತ್ತೆ ವಾಯ್ಡ್ ಮೇನ್ ಬರೀಬೇಡಿ, ಇಂಟ್ ಮೇನ್ ಬರೆದು ಕೊನೇಲಿ ಸೊನ್ನೆ ರಿಟರ್ನ್ ಮಾಡಿದ್ರೆ ಟರ್ಬೊ ಸಿಯೂ ಬೇಡ ಅನ್ನೂದಿಲ್ಲ.